ಸಸ್ಯೂರನ ಎರಡನೆಯ ಸಾವು

ಭಾಷಾವಿಜ್ಞಾನಿ ಫರ್ಡಿನಾಂಡ್ ಡಿ ಸಸ್ಯೂರ್ ಎರಡು ಸಲ ಸತ್ತ. ಮೊದಲು 1913ರ ಫೆಬ್ರವರಿಯಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಆಮೇಲೆ 1999ರಲ್ಲಿ, ಅಮೆರಿಕದ ಒಂದು ಹಾಡಿನೊಳಗೆ, ಗುಂಡೇಟಿಗೆ.

ಹಾಡು ಬರೆದದ್ದು ನ್ಯೂಯಾರ್ಕಿನ ಸ್ಟೀಫಿನ್ ಮೆರಿಟ್, ಅವನ ತಂಡ ದಿ ಮ್ಯಾಗ್ನೆಟಿಕ್ ಫೀಲ್ಡ್ಸ್. ಮ್ಯಾನ್‌ಹಟನ್ನಿನ ಪಿಯಾನೋ ಬಾರೊಂದರಲ್ಲಿ ಕೂತಿದ್ದಾಗ ನೂರು ಪ್ರೇಮಗೀತೆ ಬರೆಯುವ ಹುಕಿ ಬಂತಂತೆ. ಅದೆಷ್ಟು ಉದ್ದವಾದೀತೆಂದು ಹೊಳೆದ ಮೇಲೆ 69ಕ್ಕೆ ಇಳಿಸಿದ. ಆಲ್ಬಂನ ಹೆಸರೂ ‘69 ಲವ್ ಸಾಂಗ್ಸ್’. ಮೂರು ಸಿಡಿ, ತಲಾ 23 ಹಾಡು. ಸಿಂಥಸೈಜರ್, ಯೂಕಲೇಲಿ, ಬ್ಯಾಂಜೊ ಎಲ್ಲ ಸೇರಿ ಯಾರೋ ರಾತ್ರಿ ಪಕ್ಕದ ಮನೆಯವರು ಏಳದ ಹಾಗೆ ಕೋಣೆಯಲ್ಲಿ ನುಡಿಸುತ್ತಿರುವಂತೆ ಕೇಳುತ್ತದೆ. ಯಂತ್ರದ ತಾಳ ತಾನು ನಿಜವಾದ ಡ್ರಮ್ ಎಂದು ನಟಿಸುವುದೇ ಇಲ್ಲ. ಇದು ಪ್ರೇಮದ ಕುರಿತ ಆಲ್ಬಂ ಅಲ್ಲ, ಪ್ರೇಮಗೀತೆಗಳ ಕುರಿತದ್ದು ಎಂದು ಮೆರಿಟ್ ಹೇಳಿದ್ದುಂಟು. ನನಗೆ ಇಷ್ಟವಾದದ್ದೂ ಈ ಮುಚ್ಚುಮರೆಯಿಲ್ಲದ ಹುಸಿತನವೇ.

ಮೂರನೆಯ ಸಿಡಿಯಲ್ಲಿ ಸಸ್ಯೂರ್ ಬರುತ್ತಾನೆ. ಪ್ರೇಮವೆಂದರೇನೆಂದು ತನಗೆ ಖಾತ್ರಿಯಿಲ್ಲ ಅನ್ನುತ್ತಾನೆ. ಹಾಡುಗಾರನಿಗೆ ಸಿಟ್ಟು ನೆತ್ತಿಗೇರಿ, ಹಾಲೆಂಡ್-ಡೋಜಿಯರ್-ಹಾಲೆಂಡ್ ಹೆಸರೆತ್ತಿ ಗುಂಡು ಹಾರಿಸುತ್ತಾನೆ. ಆ ಮೂವರು ಡೆಟ್ರಾಯಿಟಿನ ಮೋಟೌನ್ ಕಂಪನಿಗೆ ಸಾಲುಸಾಲು ಪ್ರೇಮಗೀತೆ ಹೊಸೆದುಕೊಟ್ಟವರು.

ನಿಜವಾದ ಸಸ್ಯೂರ್ ಜಿನೀವಾದಲ್ಲಿ ಸಂಸ್ಕೃತವನ್ನೂ ಕಲಿಸುತ್ತಿದ್ದ ಮೇಷ್ಟ್ರು. ಪ್ರೇಮದ ಗೊಡವೆಗೆ ಹೋದವನಲ್ಲ. ಆದರೆ ಸತ್ತವನ ಬಾಯಿಗೆ ಮಾತು ತುರುಕಿದರೆಂದು ಆಕ್ಷೇಪಿಸುವ ಹಾಗೂ ಇಲ್ಲ. ಅವನ ಹೆಸರಿನ ಪ್ರಸಿದ್ಧ ಪುಸ್ತಕವನ್ನೇ ಅವನು ಬರೆದಿರಲಿಲ್ಲ. ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ಬಾಯಿ ಮತ್ತು ಸೆಶೆಹೆ ಎಂಬಿಬ್ಬರು ಕಟ್ಟಿ 1916ರಲ್ಲಿ ಹೊರತಂದರು. ಎಂಎ ತರಗತಿಯಲ್ಲಿ ನಾವು ಉರುಹೊಡೆದದ್ದು ಅದರ ಒಂದು ಮಾತನ್ನು: ಪದದ ಸದ್ದಿಗೂ ಅರ್ಥಕ್ಕೂ ಹುಟ್ಟಿನ ನಂಟಿಲ್ಲ. ‘ನಾಯಿ’ ಎಂಬ ಸದ್ದಿನಲ್ಲಿ ಬೊಗಳುವಂಥದ್ದೇನೂ ಇಲ್ಲ.

ಹಾಡಿನಲ್ಲಿ ಅವನು ಸಾಯುವುದು ಮಾತ್ರ ಸದ್ದಿನ ದೆಸೆಯಿಂದಲೇ. ಫ್ರೆಂಚ್ ಹೆಸರನ್ನು ಇಂಗ್ಲಿಷ್ ಬಾಯಲ್ಲಿ ತಿರುಚಿ, ಒಂದೊಂದೇ ಪ್ರಾಸ ಪೋಣಿಸುತ್ತ ಹೋದ ಮೆರಿಟ್‌ಗೆ ಕೊನೆಗೆ ಸಿಕ್ಕಿದ್ದು ‘ಡೋಜಿಯರ್’. ಕೊಲೆಗೆ ಬೇರೆ ಕಾರಣ ನನಗಂತೂ ಕಾಣದು.

ಇದನ್ನು ಕನ್ನಡಕ್ಕೆ ತರಲು ಎರಡು ವರ್ಷದಿಂದ ಬಿಡುವಾದಾಗೆಲ್ಲ ಹೆಣಗುತ್ತಿದ್ದೇನೆ. ಕತೆ ಬರುತ್ತದೆ, ಲಯವೂ ಅಷ್ಟಿಷ್ಟು ಬರುತ್ತದೆ. ಹಳಗನ್ನಡದವರ ಹಾಗೆ ಎರಡನೆಯ ಅಕ್ಷರದ ಪ್ರಾಸವನ್ನೂ ಹಿಡಿದು ನೋಡಿದೆ. ‘ಸಸ್ಯೂರ್’ಗೆ ಒಗ್ಗುವ ಎರಡು ಪದ ಸಿಕ್ಕವು, ಎರಡೂ ತರಕಾರಿಗೆ ಸಂಬಂಧಿಸಿದವು. ಡೋಜಿಯರ್ ಎಲ್ಲೂ ಜೊತೆಗೂಡಲಿಲ್ಲ. ಪ್ರಾಸವಿಲ್ಲದೆ ಗುಂಡು ಹಾರಿಸಿದರೆ ಅದು ಬರೀ ಕೊಲೆ. ಹಾಗಾಗಿ ನನ್ನ ಕರಡಿನಲ್ಲಿ ಕಡೆಯ ಚರಣ ಖಾಲಿಯಿದೆ, ಮೇಷ್ಟ್ರು ಇನ್ನೂ ಮಾತಾಡುತ್ತ ಕೂತಿದ್ದಾರೆ.