ಸಂಕರಣಕ್ಕೆ ಎಷ್ಟು ಜಾಗ ಕೊಡಬೇಕು?

ಇಂಗಾಲದ ಒಂದು ಎಸ್ ಕಕ್ಷಕವೂ ಮೂರು ಪಿ ಕಕ್ಷಕಗಳೂ ಮೊದಲು ಬೆರೆತು ನಾಲ್ಕು ಸಮಾನ ಕಕ್ಷಕಗಳಾಗುತ್ತವೆ, ಬಳಿಕ ಜಲಜನಕದೊಡನೆ ಬಂಧ ಏರ್ಪಡುತ್ತದೆ ಎಂದು ಪಿಯುಸಿ ತರಗತಿಗಳಲ್ಲಿ ಹೇಳುವುದುಂಟು. ಕೇಳಿದವರಿಗೆ ಸಂಕರಣವೆಂದರೆ ಪರಮಾಣುವಿನೊಳಗೆ ನಡೆಯುವ ಒಂದು ಘಟನೆ ಎನ್ನಿಸುತ್ತದೆ. ಆದರೆ ಈ ಕಲ್ಪನೆ ಹುಟ್ಟಿದ ಕ್ರಮ ಬೇರೆಯೇ ಇದೆ. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿವೆ ಎಂದು ವಾಂಟ್ ಹಾಫ್ ಮತ್ತು ಲೆ ಬೆಲ್ 1874ರಲ್ಲೇ ಪ್ರತ್ಯೇಕವಾಗಿ ಹೇಳಿದ್ದರು. ಆಗಿನ್ನೂ ಎಲೆಕ್ಟ್ರಾನ್ ಪತ್ತೆಯಾಗಿರಲಿಲ್ಲ. 1916ರಲ್ಲಿ ಲೂಯಿಸ್ ಬಂಧವೆಂದರೆ ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎಂದ. 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಜಲಜನಕದ ಅಣುವಿಗೆ ಕ್ವಾಂಟಮ್ ಲೆಕ್ಕ ಹಾಕಿದರು. ತೊಡಕು ಎದುರಾದದ್ದು ಮೀಥೇನ್‌ನಲ್ಲಿ: ಪಿ ಕಕ್ಷಕಗಳ ನಡುವಿನ ಕೋನ 90 ಡಿಗ್ರಿ, ಅಣುವಿನಲ್ಲಿರುವುದು 109.5 ಡಿಗ್ರಿ. 1931ರಲ್ಲಿ ಪೌಲಿಂಗ್ ಮತ್ತು ಸ್ಲೇಟರ್ ಎಸ್, ಪಿಗಳನ್ನು ಗಣಿತದಲ್ಲಿ ಕೂಡಿಸಿ ಈ ಅಂತರವನ್ನು ತುಂಬಿದರು. ಅಂದರೆ ಆಕಾರ ಮೊದಲೇ ತಿಳಿದಿತ್ತು. ಅದಕ್ಕೊಪ್ಪುವ ವಿವರಣೆಯಾಗಿ ಸಂಕರಣ ಬಂತು.

ವಿವರಣೆ ಮಾತ್ರವಾದರೆ ಅದನ್ನು ಕೈಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ಅವರ ಬಲವಾದ ಸಾಕ್ಷಿ ದ್ಯುತಿ ಎಲೆಕ್ಟ್ರಾನ್ ರೋಹಿತ. ನಾಲ್ಕು ಬಂಧಗಳು ಸಮಾನವಾಗಿದ್ದರೆ ಎಲೆಕ್ಟ್ರಾನುಗಳನ್ನು ಹೊರದೂಡಲು ಒಂದೇ ಪ್ರಮಾಣದ ಶಕ್ತಿ ಸಾಕಾಗಬೇಕಿತ್ತು. ಮೀಥೇನ್ ತೋರಿಸುವುದು ಸುಮಾರು 14 ಮತ್ತು 23 ಎಲೆಕ್ಟ್ರಾನ್ ವೋಲ್ಟ್‌ಗಳ ಬಳಿ ಎರಡು ಪಟ್ಟಿಗಳನ್ನು. ಹುಂಡ್ ಮತ್ತು ಮಲ್ಲಿಕನ್ ಬೆಳೆಸಿದ ಅಣುಕಕ್ಷಕ ಸಿದ್ಧಾಂತಕ್ಕೆ ಇದು ಸಹಜ ಫಲ. ಆದರೂ ಇದರಿಂದ ಸಂಕರಣ ಸುಳ್ಳಾಗುವುದಿಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಅಣುವಿನಲ್ಲಿ ಆ ಕೊರತೆ ನಾಲ್ಕೂ ಬಂಧಗಳಿಗೆ ಹಂಚಿಹೋಗುತ್ತದೆ. ಹಾಗೆ ಹಂಚುವ ಲೆಕ್ಕದಲ್ಲೂ ಎರಡೇ ಶಕ್ತಿಗಳು ಸಿಗುತ್ತವೆ. ಸಂಕರ ಕಕ್ಷಕವನ್ನು ಶಕ್ತಿಯ ಮೆಟ್ಟಿಲೆಂದು ಓದುವುದಷ್ಟೇ ತಪ್ಪು. ಬಂಧದ ಗುಣ ಹೇಳುವಲ್ಲಿ ಅದು ಇಂದಿಗೂ ಸಮರ್ಥ: ಈಥೇನ್, ಎಥಿಲೀನ್, ಅಸಿಟಿಲೀನ್‌ಗಳಲ್ಲಿ ಎಸ್ ಪಾಲು ಶೇ. 25, 33, 50 ಎಂದು ಏರಿದಂತೆ ಇಂಗಾಲ–ಜಲಜನಕ ಬಂಧ ಗಿಡ್ಡವಾಗುತ್ತದೆ, ಆಮ್ಲೀಯತೆ ಹೆಚ್ಚುತ್ತದೆ.

ಡಿ ಕಕ್ಷಕಗಳ ವಿಷಯದಲ್ಲಿ ಇಂಥ ಸಮರ್ಥನೆ ಸಿಗುವುದಿಲ್ಲ. ಗಂಧಕದ ಹೆಕ್ಸಾಫ್ಲೋರೈಡ್‌ನಲ್ಲಿ ಎರಡು ಡಿ ಕಕ್ಷಕಗಳು ಬೆರೆಯುತ್ತವೆಂಬ ಪಾಠ ಈಗಲೂ ನಡೆದಿದೆ. ನಾಲ್ಕು ಎಲೆಕ್ಟ್ರಾನುಗಳು ಮೂರು ಪರಮಾಣುಗಳನ್ನು ಬೆಸೆಯುವ ಬಂಧವನ್ನು ಪಿಮೆಂಟೆಲ್ 1951ರಲ್ಲೇ ಡಿ ಕಕ್ಷಕಗಳ ಹಂಗಿಲ್ಲದೆ ವಿವರಿಸಿದ್ದ. ಮುಂದೆ ಕಂಪ್ಯೂಟರ್ ಲೆಕ್ಕಗಳೂ ಅವುಗಳ ಪಾತ್ರ ತೀರಾ ಅಲ್ಪವೆಂದು ತೋರಿಸಿದವು. ಆಕಾರ ಹೇಳಲು ಮಕ್ಕಳಿಗೊಂದು ಸುಲಭ ಸೂತ್ರ ಬೇಡವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಗಿಲೆಸ್ಪಿ ಮತ್ತು ನೈಹೋಮ್ 1957ರಲ್ಲಿ ಕೊಟ್ಟ ಎಲೆಕ್ಟ್ರಾನ್ ಜೋಡಿಗಳ ವಿಕರ್ಷಣ ನಿಯಮ ಆ ಕೆಲಸವನ್ನು ಇನ್ನೂ ಸರಳವಾಗಿ ಮಾಡುತ್ತದೆ. ಪಠ್ಯ ರಚಿಸುವವರು ಇಂಗಾಲದ ಸಂಕರಣವನ್ನು ಉಳಿಸಿಕೊಳ್ಳಲಿ, ಗಂಧಕ ಮತ್ತು ರಂಜಕಗಳ ಡಿ ಸಂಕರಣವನ್ನು ಮುಂದಿನ ಪರಿಷ್ಕರಣೆಯಲ್ಲೇ ತೆಗೆದುಹಾಕಲಿ.