ಪೀಣ್ಯದ ಷೆಡ್ಡಿನಿಂದ ಬಾನಿನವರೆಗೆ: ಒಂದು ತಂಡ ಕಲಿಸಿದ ಪಾಠ



ನಿಮ್ಮ ಮನೆಯ ಹಿರಿಯರು ಹಳೆಯ ನೋಟುಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದರೆ, ಅವುಗಳಲ್ಲಿ ಎರಡು ರೂಪಾಯಿಯ ನೋಟು ಇದೆಯೇ ಎಂದು ಕೇಳಿ ನೋಡಿ. 1976ರಿಂದ ಹಲವು ವರ್ಷ ಚಲಾವಣೆಯಲ್ಲಿದ್ದ ಆ ನೋಟಿನ ಹಿಂಬದಿಯಲ್ಲಿ ಹಲವು ಮುಖಗಳುಳ್ಳ ಗುಂಡನೆಯ ಯಂತ್ರವೊಂದರ ಚಿತ್ರವಿದೆ. ಅದೇ ಆರ್ಯಭಟ. ಭಾರತೀಯರು ನಿರ್ಮಿಸಿದ ಮೊಟ್ಟಮೊದಲ ಉಪಗ್ರಹ. 1975ರ ಏಪ್ರಿಲ್ 19ರಂದು ಅಂದಿನ ಸೋವಿಯತ್ ಒಕ್ಕೂಟದ ಕಪೂಸ್ಟಿನ್ ಯಾರ್ ಎಂಬಲ್ಲಿಂದ ಅದು ಬಾನಿಗೇರಿತು. ಆದರೆ ಅದು ರೂಪುಗೊಂಡದ್ದು ನಮ್ಮ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಾಧಾರಣ ಷೆಡ್ಡುಗಳಲ್ಲಿ.

ಆರ್ಯಭಟವನ್ನು ನಾವು ಸಾಮಾನ್ಯವಾಗಿ ವಿಜ್ಞಾನದ ಸಾಧನೆಯೆಂದು ಓದುತ್ತೇವೆ. ಇಂದು ಅದನ್ನು ಬೇರೊಂದು ದೃಷ್ಟಿಯಿಂದ ನೋಡೋಣ. ನೂರಾರು ಜನ ಒಂದೇ ಕೆಲಸಕ್ಕೆ ಕೈಹಾಕಿದಾಗ ಅವರನ್ನು ಒಗ್ಗೂಡಿಸುವುದು ಯಾವುದು? ಅಲ್ಲಿ ನಾಯಕನಾದವನ ಕೆಲಸವೇನು? ಸೋಲು ಬಂದಾಗ ಅದನ್ನು ಯಾರು ಹೊರಬೇಕು? ನಾಳೆ ನೀವು ಕಾರ್ಖಾನೆಗೋ ಬ್ಯಾಂಕಿಗೋ ಆಸ್ಪತ್ರೆಗೋ ಕೆಲಸಕ್ಕೆ ಸೇರಿದಾಗ ಈ ಪ್ರಶ್ನೆಗಳು ನಿಮ್ಮನ್ನೂ ಎದುರುಗೊಳ್ಳುತ್ತವೆ. ಇತಿಹಾಸದಲ್ಲಿ ಇವುಗಳಿಗೆ ಉತ್ತರವಿದೆ.

ಹಿನ್ನೆಲೆ

1971ರ ಡಿಸೆಂಬರ್ 30ರಂದು ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ಡಾ. ವಿಕ್ರಮ್ ಸಾರಾಭಾಯಿ ಕೇರಳದ ಕೋವಳಂನಲ್ಲಿ ಹಠಾತ್ತನೆ ನಿಧನರಾದರು. ಎರಡು ವರ್ಷಗಳ ಹಿಂದಷ್ಟೇ ಹುಟ್ಟಿದ್ದ ಇಸ್ರೋ ಸಂಸ್ಥೆ ತಬ್ಬಲಿಯಾದಂತಾಯಿತು. ಭಾರತೀಯ ಉಪಗ್ರಹವೊಂದನ್ನು ಸೋವಿಯತ್ ರಾಕೆಟ್ಟಿನಲ್ಲಿ ಹಾರಿಸುವ ಮಾತುಕತೆ ಅವರ ಕಾಲದಲ್ಲೇ ಆರಂಭವಾಗಿತ್ತು. 1972ರ ಮೇ ತಿಂಗಳಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು.

ಅದೇ ವರ್ಷ ಇಸ್ರೋದ ಹೊಣೆ ಪ್ರೊ. ಸತೀಶ್ ಧವನ್ ಅವರ ಹೆಗಲಿಗೆ ಬಂತು. ಆಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಆ ಹುದ್ದೆಯನ್ನು ಬಿಡದೆಯೇ, ಇಸ್ರೋದ ಮುಖ್ಯ ಕಛೇರಿ ಬೆಂಗಳೂರಿನಲ್ಲಿರಬೇಕೆಂಬ ಷರತ್ತಿನೊಡನೆ ಅವರು ಹೊಸ ಹೊಣೆಯನ್ನು ಒಪ್ಪಿಕೊಂಡರು. ಬಾಹ್ಯಾಕಾಶಕ್ಕೂ ಬೆಂಗಳೂರಿಗೂ ನಂಟು ಬಲವಾದದ್ದು ಹೀಗೆ.

ಉಪಗ್ರಹ ನಿರ್ಮಾಣದ ನೇತೃತ್ವ ವಹಿಸಿದವರು ಪ್ರೊ. ಯು.ಆರ್. ರಾವ್. 1932ರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಅವರು ಸಾರಾಭಾಯಿಯವರ ಶಿಷ್ಯರು. ವಿಶ್ವಕಿರಣಗಳ ಅಧ್ಯಯನದಲ್ಲಿ ಹೆಸರು ಮಾಡಿ, ಅಮೆರಿಕದಲ್ಲಿ ಕೆಲಸ ಮಾಡಿ, ಸ್ವದೇಶಕ್ಕೆ ಮರಳಿದ್ದರು. ಅಹಮದಾಬಾದ್ ಮತ್ತು ತಿರುವನಂತಪುರಗಳಿಂದ ಬಂದ ಸಹೋದ್ಯೋಗಿಗಳೊಡನೆ ಅವರು ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದರು. ಜೊತೆಗೂಡಿದವರಲ್ಲಿ ಬಹುಪಾಲು ಜನ ಆಗತಾನೆ ಓದು ಮುಗಿಸಿದ್ದ ತರುಣರು. ಉಪಗ್ರಹ ಕಟ್ಟಿದ ಅನುಭವ ಯಾರಿಗೂ ಇರಲಿಲ್ಲ. ಏಕೆಂದರೆ ಈ ದೇಶದಲ್ಲಿ ಅದುವರೆಗೆ ಉಪಗ್ರಹವನ್ನೇ ಕಟ್ಟಿರಲಿಲ್ಲ!

ಷೆಡ್ಡಿನಲ್ಲಿ ನಡೆದ ಕೆಲಸ

ಉಪಗ್ರಹದ ಭಾಗಗಳ ಮೇಲೆ ಧೂಳಿನ ಕಣವೂ ಕೂರಬಾರದು. ಅಂಥ ಕೆಲಸಕ್ಕೆ ಸಿಕ್ಕಿದ್ದು ಶೀಟಿನ ಛಾವಣಿಯ ಕೈಗಾರಿಕಾ ಷೆಡ್ಡುಗಳು. ಅವುಗಳ ಒಳಗೇ ಧೂಳುರಹಿತ ಕೋಣೆಗಳನ್ನೂ ಪರೀಕ್ಷಾ ವ್ಯವಸ್ಥೆಗಳನ್ನೂ ಕಟ್ಟಿಕೊಳ್ಳಬೇಕಾಯಿತು. ಸ್ಥಳದ ಅಭಾವ ಎಷ್ಟಿತ್ತೆಂದರೆ, ಬೆಂಗಳೂರಿನಲ್ಲಿ ಶೌಚಾಲಯವೊಂದನ್ನೇ ಮಾಹಿತಿ ಸ್ವೀಕರಿಸುವ ಕೇಂದ್ರವಾಗಿ ಮಾರ್ಪಡಿಸಿಕೊಂಡಿದ್ದನ್ನು ರಾವ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಆರ್ಯಭಟದ ತೂಕ ಸುಮಾರು 360 ಕಿಲೋಗ್ರಾಂ. ಅದಕ್ಕೆ 26 ಮುಖಗಳು. ಮೇಲಿನ ಮತ್ತು ಕೆಳಗಿನ ಮುಖಗಳನ್ನು ಬಿಟ್ಟು ಉಳಿದವುಗಳ ಮೇಲೆ ಸೌರಕೋಶಗಳು. ಒಳಗೆ ವಿದ್ಯುತ್ ಪೂರೈಕೆ, ಉಷ್ಣ ನಿಯಂತ್ರಣ, ಭೂಮಿಯಿಂದ ಆಜ್ಞೆ ಪಡೆಯುವ ವ್ಯವಸ್ಥೆ, ಭೂಮಿಗೆ ಮಾಹಿತಿ ಕಳಿಸುವ ವ್ಯವಸ್ಥೆ, ಜೊತೆಗೆ ಮೂರು ವೈಜ್ಞಾನಿಕ ಪ್ರಯೋಗಗಳ ಉಪಕರಣಗಳು. ಸೌರಕೋಶ, ಬ್ಯಾಟರಿ ಮೊದಲಾದ ಕೆಲವನ್ನು ಸೋವಿಯತ್ ಒಕ್ಕೂಟ ಒದಗಿಸಿತು.

ಇಲ್ಲಿ ಒಂದು ಮುಖ್ಯ ಅಂಶವನ್ನು ಗಮನಿಸಬೇಕು. ಉಪಗ್ರಹದಲ್ಲಿ ಯಾವ ಭಾಗವೂ ಸ್ವತಂತ್ರವಲ್ಲ. ಒಬ್ಬ ಎಂಜಿನಿಯರು ತನ್ನ ಪೆಟ್ಟಿಗೆಯ ತೂಕವನ್ನು ಅರ್ಧ ಕಿಲೋ ಹೆಚ್ಚಿಸಿದರೆ ಇನ್ನೊಬ್ಬ ಎಲ್ಲೋ ಅಷ್ಟನ್ನು ಇಳಿಸಬೇಕು. ಒಂದು ಉಪಕರಣ ಹೆಚ್ಚು ವಿದ್ಯುತ್ ಬಳಸಿದರೆ ಮತ್ತೊಂದಕ್ಕೆ ಕೊರತೆ. ಅದು ಕಾಯಿಸುವ ಶಾಖವನ್ನು ಹೊರಹಾಕುವ ಚಿಂತೆ ಮೂರನೆಯವನದು. ಆದ್ದರಿಂದ ತನ್ನ ಪಾಲಿನ ಕೆಲಸವನ್ನು ಚೆನ್ನಾಗಿ ಮಾಡಿದರಷ್ಟೇ ಸಾಲದು. ತಾನು ಮಾಡಿದ ಬದಲಾವಣೆಯನ್ನೂ ತನಗೆ ಕಂಡ ದೋಷವನ್ನೂ ಪಕ್ಕದವನಿಗೆ ಕೂಡಲೇ ತಿಳಿಸಬೇಕು. ಅವಮಾನಕ್ಕೆ ಅಂಜಿ ಒಬ್ಬನು ಮುಚ್ಚಿಟ್ಟ ಸಣ್ಣ ದೋಷ ಬಾನಿನಲ್ಲಿ ಎಲ್ಲರ ದುಡಿಮೆಯನ್ನೂ ನುಂಗಬಲ್ಲದು. ಅಲ್ಲಿಗೆ ಹೋಗಿ ರಿಪೇರಿ ಮಾಡುವಂತಿಲ್ಲವಲ್ಲ!

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆ ನಮಗೆ ಗೊತ್ತು. ಹತ್ತು ಜನ ಕೂಡಿದರೆ ಕೆಲಸ ಹಗುರ ಎಂಬುದು ನಿಜ. ಆದರೆ ಹತ್ತು ಜನರ ಕಡ್ಡಿಗಳು ಒಂದೇ ಹೊರೆಯಾಗಬೇಕಾದರೆ ಕಟ್ಟುವ ಹಗ್ಗ ಬೇಕು. ಪೀಣ್ಯದಲ್ಲಿ ಆ ಹಗ್ಗವಾದದ್ದು ಸ್ಪಷ್ಟವಾದ ಒಂದು ಗುರಿ, ನಿಗದಿಯಾದ ಒಂದು ಗಡುವು ಮತ್ತು ಒಬ್ಬರ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸುವ ಪದ್ಧತಿ. ಒಪ್ಪಂದಕ್ಕೆ ಸಹಿಯಾಗಿ ಮೂರು ವರ್ಷ ತುಂಬುವ ಮೊದಲೇ ಆರ್ಯಭಟ ಕಕ್ಷೆಯಲ್ಲಿತ್ತು.

ಗೆಲುವಿನೊಳಗಿನ ಸೋಲು

ಉಡಾವಣೆಯ ಸಂಭ್ರಮ ಹೆಚ್ಚು ದಿನ ನಿರಾತಂಕವಾಗಿ ಉಳಿಯಲಿಲ್ಲ. ನಾಲ್ಕೈದು ದಿನಗಳಲ್ಲೇ ವೈಜ್ಞಾನಿಕ ಪ್ರಯೋಗಗಳಿಗೆ ವಿದ್ಯುತ್ ಒದಗಿಸುವ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡು, ಪ್ರಯೋಗಗಳನ್ನೇ ನಿಲ್ಲಿಸಬೇಕಾಯಿತು. ವರ್ಷಗಟ್ಟಲೆ ಶ್ರಮಿಸಿ ಉಪಕರಣ ರೂಪಿಸಿದ್ದವರಿಗೆ ಇದು ಸಣ್ಣ ಪೆಟ್ಟಲ್ಲ.

ಆದರೆ ಉಪಗ್ರಹದ ಉಳಿದ ವ್ಯವಸ್ಥೆಗಳು ಕೆಲಸ ಮಾಡುತ್ತಿದ್ದವು. ತಂಡ ಅವುಗಳಿಂದ ಕಲಿಯಬಹುದಾದದ್ದನ್ನೆಲ್ಲ ಕಲಿಯಿತು. ಉಪಗ್ರಹವನ್ನು ದಿನನಿತ್ಯ ಗಮನಿಸುವುದು, ಆಜ್ಞೆ ಕಳಿಸುವುದು, ಅದರ ಆರೋಗ್ಯವನ್ನು ಅಂಕಿಅಂಶಗಳಿಂದ ಅರಿಯುವುದು, ಇವೆಲ್ಲ ಕೈಗೆ ಹತ್ತಿದವು. ಆರ್ಯಭಟದೊಡನೆ ಸಂಪರ್ಕ 1981ರ ಮಾರ್ಚ್‌ವರೆಗೂ ಉಳಿದಿತ್ತು. ಅಷ್ಟರಲ್ಲಿ, 1979ರ ಜೂನ್ 7ರಂದು, ಅದೇ ತಂಡದ ಮುಂದಿನ ಉಪಗ್ರಹವಾದ ಭಾಸ್ಕರ-1 ಬಾನಿಗೇರಿತ್ತು. ಒಂದು ಭಾಗದ ಸೋಲನ್ನು ಮುಚ್ಚಿಡದೆ, ಅದಕ್ಕಾಗಿ ಎದೆಗುಂದದೆ ಮುಂದಿನ ಕೆಲಸಕ್ಕೆ ಪಾಠವಾಗಿಸಿಕೊಂಡದ್ದು ಈ ತಂಡದ ಹಿರಿಮೆ.

ಎರಡು ಪತ್ರಿಕಾಗೋಷ್ಠಿಗಳು

ಪೀಣ್ಯದಲ್ಲಿ ಉಪಗ್ರಹ ಸಿದ್ಧವಾಗುತ್ತಿದ್ದ ವರ್ಷಗಳಲ್ಲೇ ತಿರುವನಂತಪುರದಲ್ಲಿ ಇಸ್ರೋದ ಇನ್ನೊಂದು ತಂಡ ಉಪಗ್ರಹವನ್ನು ಹೊತ್ತೊಯ್ಯುವ ರಾಕೆಟ್ಟನ್ನು ರೂಪಿಸುತ್ತಿತ್ತು. ಅದರ ಹೆಸರು ಎಸ್.ಎಲ್.ವಿ.-3. ಯೋಜನಾ ನಿರ್ದೇಶಕರು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ಎರಡೂ ತಂಡಗಳಿಗೆ ಹಿರಿಯರು ಸತೀಶ್ ಧವನ್ ಅವರೇ.

1979ರ ಆಗಸ್ಟ್ 10ರಂದು ಶ್ರೀಹರಿಕೋಟದಲ್ಲಿ ಮೊದಲ ಉಡಾವಣೆ. ಕೊನೆಯ ನಿಮಿಷಗಳಲ್ಲಿ ಕಂಪ್ಯೂಟರು ದೋಷವೊಂದನ್ನು ಸೂಚಿಸಿ ಎಣಿಕೆಯನ್ನು ತಡೆಹಿಡಿಯಿತು. ತೊಂದರೆಯಿಲ್ಲವೆಂದು ತಜ್ಞರು ಭರವಸೆ ಕೊಟ್ಟರು. ಕಂಪ್ಯೂಟರಿನ ಎಚ್ಚರಿಕೆಯನ್ನು ಬದಿಗಿರಿಸಿ ಉಡಾಯಿಸುವ ನಿರ್ಧಾರವನ್ನು ತಾವೇ ಕೈಗೊಂಡುದಾಗಿ ಕಲಾಂ ಅವರು ಮುಂದೆ ಹಲವು ಭಾಷಣಗಳಲ್ಲಿ ಹೇಳಿಕೊಂಡಿದ್ದಾರೆ. ಮೊದಲ ಹಂತ ಸರಿಯಾಗಿ ನಡೆಯಿತು. ಎರಡನೆಯ ಹಂತದಲ್ಲಿ ರಾಕೆಟ್ಟು ಹತೋಟಿ ತಪ್ಪಿ ಬಂಗಾಳ ಕೊಲ್ಲಿಗೆ ಬಿದ್ದಿತು.

ಹೊರಗೆ ಪತ್ರಕರ್ತರು ಕಾದಿದ್ದರು. ಧವನ್ ಅವರು ಕಲಾಂ ಅವರನ್ನು ಮುಂದೆ ನೂಕಲಿಲ್ಲ. ತಾವೇ ಕುಳಿತು ಉತ್ತರಿಸಿದರು. ಸೋಲನ್ನು ಒಪ್ಪಿಕೊಂಡರು, ತಮ್ಮ ತಂಡದ ಮೇಲೆ ತಮಗೆ ಪೂರ್ಣ ನಂಬಿಕೆಯಿದೆಯೆಂದೂ ಮುಂದಿನ ಪ್ರಯತ್ನದಲ್ಲಿ ಯಶಸ್ಸು ಖಂಡಿತವೆಂದೂ ತಿಳಿಸಿದರು.

ಆಮೇಲೆ ಕಾರಣದ ಹುಡುಕಾಟ. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟವೊಂದು ಸರಿಯಾಗಿ ಮುಚ್ಚಿಕೊಳ್ಳದೆ ನೈಟ್ರಿಕ್ ಆಮ್ಲ ಸೋರಿಹೋಗಿತ್ತೆಂದು ತಿಳಿದುಬಂತು. ದೋಷವನ್ನು ತಿದ್ದಲಾಯಿತು. 1980ರ ಜುಲೈ 18ರಂದು ಎಸ್.ಎಲ್.ವಿ.-3 ಸುಮಾರು 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದೂ ಪತ್ರಿಕಾಗೋಷ್ಠಿ ನಡೆಯಿತು. ಅಂದು ಧವನ್ ಅವರು ಮಾತಾಡಲು ಮುಂದೆ ಕಳುಹಿಸಿದ್ದು ಕಲಾಂ ಅವರನ್ನು!

ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಸೋತ ಎತ್ತಿನ ಪಕ್ಕದಲ್ಲಿ ನಿಲ್ಲುವವರು ಅಪರೂಪ. ಆದರೆ ಧವನ್ ಅವರ ನಡೆಯನ್ನು ಬರಿಯ ಔದಾರ್ಯವೆಂದು ತಿಳಿದರೆ ಅದರ ಮಹತ್ವ ಅರ್ಧವಷ್ಟೇ ತಿಳಿದಂತೆ. ಹಿರಿಯನು ಬೈಗುಳಕ್ಕೆ ತಾನು ಬೆನ್ನೊಡ್ಡಿದಾಗ ಕಿರಿಯರ ಮನಸ್ಸಿನಿಂದ ಹೆದರಿಕೆ ದೂರವಾಗುತ್ತದೆ. ಹೆದರಿಕೆಯಿಲ್ಲದವನು ‘ತಪ್ಪು ನನ್ನ ವಿಭಾಗದಲ್ಲಿ ಆಗಿರಬಹುದು, ಪರೀಕ್ಷಿಸಿ’ ಎಂದು ಹೇಳಬಲ್ಲ. ಹೆದರಿದವನು ಕಾಗದಪತ್ರಗಳನ್ನು ಮುಚ್ಚಿಡುತ್ತಾನೆ, ಇನ್ನೊಬ್ಬನತ್ತ ಬೆರಳು ತೋರುತ್ತಾನೆ. ಸಣ್ಣದೊಂದು ಕವಾಟದ ದೋಷ ಪತ್ತೆಯಾಗಿ, ಒಂದು ವರ್ಷ ತುಂಬುವುದರೊಳಗೆ ಗೆಲುವು ದೊರೆಯಬೇಕಾದರೆ ಅಂಥ ನಿರ್ಭಯ ವಾತಾವರಣ ಅಗತ್ಯವಾಗಿತ್ತು ಎಂದರೆ ತಪ್ಪಾಗಲಾರದು.

ಪಾಠ ಮುಂದುವರಿದ ಬಗೆ

1984ರಲ್ಲಿ ಯು.ಆರ್. ರಾವ್ ಅವರೇ ಇಸ್ರೋದ ಅಧ್ಯಕ್ಷರಾದರು. ಅವರಿಗೂ ಪರೀಕ್ಷೆಯ ದಿನಗಳು ಬಂದವು. ಹೊಸ ರಾಕೆಟ್ಟಾದ ಎ.ಎಸ್.ಎಲ್.ವಿ. 1987ರಲ್ಲಿ ವಿಫಲವಾಯಿತು, 1988ರಲ್ಲಿ ಮತ್ತೆ ವಿಫಲವಾಯಿತು. ಟೀಕೆಗಳಿಗೆ ಕೊರತೆಯಿರಲಿಲ್ಲ. ಕಾರಣಗಳನ್ನು ಹುಡುಕಿ ತಿದ್ದಿ, 1992ರ ಮೇ 20ರಂದು ರಾಕೆಟ್ಟು ಉಪಗ್ರಹವನ್ನು ಕಕ್ಷೆಗೆ ಒಯ್ದಿತು. ಅನಂತರದ ಪಿ.ಎಸ್.ಎಲ್.ವಿ. ಕೂಡ 1993ರ ಸೆಪ್ಟೆಂಬರಿನ ಮೊದಲ ಪ್ರಯತ್ನದಲ್ಲಿ ಸೋತು, 1994ರ ಅಕ್ಟೋಬರ್ 15ರಂದು ಗೆದ್ದಿತು. ಆ ಗೆಲುವು ಬಂದಾಗ ರಾವ್ ಅವರು ಅಧ್ಯಕ್ಷ ಪೀಠದಲ್ಲಿರಲಿಲ್ಲ. ಅವರ ಅವಧಿ ಅದೇ ವರ್ಷ ಮುಗಿದಿತ್ತು. ಬಿತ್ತಿದವರು ಒಬ್ಬರು, ಕೊಯ್ಲಿನ ದಿನ ಹೊಲದಲ್ಲಿದ್ದವರು ಇನ್ನೊಬ್ಬರು.

ಆ ಇನ್ನೊಬ್ಬರು ಯಾರು? ಡಾ. ಕೆ. ಕಸ್ತೂರಿರಂಗನ್. ಭಾಸ್ಕರ ಉಪಗ್ರಹಗಳ ಯೋಜನಾ ನಿರ್ದೇಶಕರಾಗಿ ರಾವ್ ಅವರ ಗರಡಿಯಲ್ಲೇ ಪಳಗಿದವರು. 1994ರಿಂದ 2003ರವರೆಗೆ ಅವರು ಇಸ್ರೋವನ್ನು ಮುನ್ನಡೆಸಿದರು. ಪೀಣ್ಯದ ಷೆಡ್ಡುಗಳು ಉಪಗ್ರಹಗಳನ್ನಷ್ಟೇ ಅಲ್ಲ, ಮುಂದಿನ ನಾಯಕರನ್ನೂ ಕಟ್ಟಿದ್ದವು. ರಾವ್ ಅವರು 2017ರಲ್ಲಿ ತೀರಿಕೊಂಡರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರನ್ನೇ ಇಡಲಾಯಿತು.

ನಮ್ಮ ಪಾಲಿಗೆ

ನಮ್ಮಲ್ಲಿ ಹೆಚ್ಚಿನವರು ಉಪಗ್ರಹ ಕಟ್ಟುವವರಲ್ಲ. ಆದರೆ ಎಲ್ಲರೂ ಯಾವುದಾದರೊಂದು ತಂಡದಲ್ಲಿ ಇರುವವರೇ. ಕಾಲೇಜಿನ ನಾಟಕ, ಎನ್.ಎಸ್.ಎಸ್. ಶಿಬಿರ, ಪ್ರಯೋಗಾಲಯದಲ್ಲಿ ಜೊತೆಯವರೊಡನೆ ಮಾಡುವ ಪ್ರಯೋಗ, ಇವೆಲ್ಲವೂ ನಾಳಿನ ಕೆಲಸದ ಸ್ಥಳಕ್ಕೆ ತಾಲೀಮು. ನಾಟಕದ ಹಿಂದಿನ ದಿನ ಪರದೆ ಹರಿದಿದೆಯೆಂಬ ಸುದ್ದಿ ನಿಮ್ಮ ತಂಡದ ಮುಖಂಡನಿಗೆ ಆಗಲೇ ತಲುಪುತ್ತದೆಯೇ, ಅಥವಾ ಗಂಟೆ ಬಾರಿಸಿದ ಮೇಲೆ ತಿಳಿಯುತ್ತದೆಯೇ? ಬೇಗ ತಲುಪುವುದಾದರೆ ಅದು ಒಳ್ಳೆಯ ತಂಡ. ತಡವಾಗುವುದಾದರೆ, ಸುದ್ದಿ ತಂದವನು ಯಾವುದಕ್ಕೆ ಹೆದರಿದ್ದನೆಂದು ಮುಖಂಡನು ಮೊದಲು ತನ್ನನ್ನೇ ಕೇಳಿಕೊಳ್ಳಬೇಕು.

ನಾಯಕತ್ವವೆಂದರೆ ಗಟ್ಟಿ ದನಿಯಲ್ಲ, ಎತ್ತರದ ಕುರ್ಚಿಯೂ ಅಲ್ಲ. ತಪ್ಪನ್ನು ಹೇಳಲು ಕಿರಿಯರಿಗೆ ಧೈರ್ಯ ಬರುವಂತೆ ನಡೆದುಕೊಳ್ಳುವುದು, ಸೋಲಿನ ದಿನ ಮುಂದೆ ನಿಲ್ಲುವುದು, ಗೆಲುವಿನ ದಿನ ಪಕ್ಕಕ್ಕೆ ಸರಿಯುವುದು, ತನ್ನ ನಂತರ ಕೆಲಸ ನಡೆಸುವವರನ್ನು ತಯಾರು ಮಾಡುವುದು. ತಂಡದವನ ಕರ್ತವ್ಯವೂ ಚಿಕ್ಕದಲ್ಲ: ಕಂಡ ದೋಷವನ್ನು ಕಂಡಾಗಲೇ ಹೇಳುವುದು. ಮುಂದೊಮ್ಮೆ ಪೀಣ್ಯದ ಹಾದಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಅಲ್ಲಿನ ಷೆಡ್ಡುಗಳ ಸಾಲನ್ನು ಒಮ್ಮೆ ಗಮನಿಸಿ. ಅಂಥದೇ ಶೀಟಿನ ಛಾವಣಿಯ ಕೆಳಗೆ ನಿಮಗಿಂತ ಕೆಲವೇ ವರ್ಷ ದೊಡ್ಡವರಾಗಿದ್ದ ತರುಣರು ಇದನ್ನು ಕಲಿತರು.