ಪಾರ್ಕಿನ್ಸನ್ ಕಾಯಿಲೆ: ಲಿಂಗ ಮತ್ತು ವಯಸ್ಸಿನ ಅಧ್ಯಯನದ ಚರಿತ್ರೆ

ಮಿದುಳಿನ ನಡುಭಾಗದ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು ನಶಿಸುತ್ತ ಹೋಗುವುದರಿಂದ ಪಾರ್ಕಿನ್ಸನ್ ಕಾಯಿಲೆ ಉಂಟಾಗುತ್ತದೆ. ಕೈನಡುಕ, ಚಲನೆಯ ನಿಧಾನಗತಿ, ಸ್ನಾಯುಗಳ ಬಿಗಿತ ಇದರ ಮುಖ್ಯ ಲಕ್ಷಣಗಳು. ಗಂಡಸರಲ್ಲಿ ಇದು ಹೆಂಗಸರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಸಾಮಾನ್ಯವಾಗಿ ಅರವತ್ತರ ಆಸುಪಾಸಿನಲ್ಲಿ ತಲೆದೋರುತ್ತದೆ. ಇಷ್ಟನ್ನು ಖಚಿತವಾಗಿ ಹೇಳಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. ಯಾವ ವೈದ್ಯರ ಕಣ್ಣಿಗೆ ಯಾರು ಬಿದ್ದರೋ ಅವರ ಮೈಯೇ ರೋಗದ ಮಾದರಿಯಾಗಿಬಿಡುತ್ತಿತ್ತು.

ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ವೈದ್ಯರಾಗಿದ್ದ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದ್ದದ್ದು ಆರೇ ರೋಗಿಗಳು. ಆರೂ ಮಂದಿ ಗಂಡಸರು. ವಯಸ್ಸು ನಮೂದಾದವರೆಲ್ಲ ಐವತ್ತು ದಾಟಿದವರು. ಮೂವರನ್ನಂತೂ ಅವರು ಕಂಡದ್ದು ಬೀದಿಯಲ್ಲಿ.

ಅರ್ಧ ಶತಮಾನದ ಬಳಿಕ ಪ್ಯಾರಿಸ್ಸಿನಲ್ಲಿ ಚಿತ್ರ ತಿರುವುಮುರುವಾಯಿತು. ನರರೋಗ ತಜ್ಞ ಜೀನ್ ಮಾರ್ಟಿನ್ ಶಾರ್ಕೊ ಕೆಲಸ ಮಾಡುತ್ತಿದ್ದ ಸಾಲ್ಪೆಟ್ರಿಯೇರ್, ಸಾವಿರಾರು ಬಡ, ವೃದ್ಧ ಹೆಂಗಸರು ಬಾಳು ಸವೆಸುತ್ತಿದ್ದ ಆಸ್ಪತ್ರೆ. ಒಬ್ಬ ರೋಗಿಯನ್ನೇ ವರ್ಷಗಟ್ಟಲೆ ಗಮನಿಸಲು ಅಲ್ಲಿ ಸಾಧ್ಯವಿತ್ತು. ನಡುಕವೇ ಇಲ್ಲದವರಲ್ಲೂ ಈ ರೋಗ ಇರಬಹುದು, ರೋಗಿಗಳು ಬಲಗುಂದಿದವರಲ್ಲ, ನಿಧಾನವಾದವರು ಎಂದು ಕಂಡುಕೊಂಡ ಶಾರ್ಕೊ ‘ನಡುಗುವ ಪಾರ್ಶ್ವವಾಯು’ ಎಂಬ ಹಳೆಯ ಹೆಸರನ್ನು ಕೈಬಿಟ್ಟು ಪಾರ್ಕಿನ್ಸನ್ನರ ಹೆಸರನ್ನೇ ಇಟ್ಟರು. ಅವರ ಸಹೋದ್ಯೋಗಿ ಪಾಲ್ ರಿಷೆ ಮಾಡಿದ ಪ್ರತಿಮೆಯಲ್ಲಿ ಬೆನ್ನು ಬಾಗಿ ನಿಂತಿರುವುದು ಒಬ್ಬ ಹೆಂಗಸು. ಆದರೆ ಹೆಂಗಸರೇ ತುಂಬಿದ್ದ ಆಸ್ಪತ್ರೆಯಿಂದ ಗಂಡು ಹೆಣ್ಣಿನ ಪ್ರಮಾಣ ತಿಳಿಯುವುದೆಂತು? ಲಂಡನ್ನಿನ ನರರೋಗ ತಜ್ಞ ವಿಲಿಯಂ ಗೋವರ್ಸ್ ತಮ್ಮ 80 ರೋಗಿಗಳನ್ನು ಎಣಿಸಿ ನೋಡಿ, ಗಂಡಸರು ತುಸು ಹೆಚ್ಚು ಎಂದು 1888ರ ಗ್ರಂಥದಲ್ಲಿ ದಾಖಲಿಸಿದರು.

ರೋಗದ ತೀವ್ರತೆಯನ್ನು ಅಳೆಯಲು ನರರೋಗ ತಜ್ಞರಾದ ಮಾರ್ಗರೆಟ್ ಹೋನ್ ಮತ್ತು ಮೆಲ್ವಿನ್ ಯಾರ್ 1967ರಲ್ಲಿ ಐದು ಹಂತಗಳ ಮಾಪನ ರೂಪಿಸಿದರು. ಇಂದಿಗೂ ಬಳಕೆಯಲ್ಲಿರುವ ಇದು ಅಳೆಯುವುದು ಮುಖ್ಯವಾಗಿ ನಡಿಗೆ, ಸಮತೋಲ, ಪರಾವಲಂಬನೆಗಳನ್ನು. ನೋವು, ಖಿನ್ನತೆ, ನಿದ್ದೆಗೇಡು ಇದರ ಲೆಕ್ಕಕ್ಕೇ ಬರುವುದಿಲ್ಲ.

ಇದು ಮುಪ್ಪಿನ ಕಾಯಿಲೆ ಎಂಬ ನಂಬಿಕೆ ಸಡಿಲಗೊಂಡದ್ದು ತಡವಾಗಿ. 1987ರಲ್ಲಿ ನರರೋಗ ತಜ್ಞರಾದ ಕ್ವಿನ್, ಕ್ರಿಚ್ಲೆ, ಮಾರ್ಸ್‌ಡೆನ್ ಅವರು 21ರಿಂದ 40ರೊಳಗೆ ಶುರುವಾಗುವ ಕಾಯಿಲೆಯನ್ನು ಪ್ರತ್ಯೇಕವಾಗಿ ವಿವರಿಸಿದರು. ಎಳೆ ವಯಸ್ಸಿನವರಲ್ಲಿ ರೋಗ ಮೆಲ್ಲಗೆ ಸಾಗುತ್ತದೆ, ಬುದ್ಧಿಶಕ್ತಿ ಬಹುಕಾಲ ಉಳಿಯುತ್ತದೆ. ಆದರೆ ಪಾದ ಸೆಟೆದುಕೊಳ್ಳುವುದು, ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಶುರುವಾದ ಕೆಲವೇ ವರ್ಷಗಳಲ್ಲಿ ಅಂಗಾಂಗಗಳು ತಾವಾಗಿಯೇ ಕುಣಿಯುವುದು ಅವರಲ್ಲೇ ಹೆಚ್ಚು. ಎಪ್ಪತ್ತರ ನಂತರ ಬಂದರೆ ಬೀಳುವಿಕೆ, ಮರೆವು ಬೇಗ ಜೊತೆಗೂಡುತ್ತವೆ. ಎಳೆಯರಲ್ಲಿ ಕೆಲವರ ಕಾಯಿಲೆಗೆ ಕಾರಣವಾದ ಪಾರ್ಕಿನ್ ಜೀನನ್ನು ಜಪಾನಿನ ಸಂಶೋಧಕರು 1998ರಲ್ಲಿ ಗುರುತಿಸಿದರು.

ಅದೇ ವರ್ಷ ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನಿಂದ ಬಂದ ವರದಿಯೊಂದು ಕುತೂಹಲಕರ. ಉದಯ್ ಮುತಾಣೆ ಮತ್ತು ಸಂಗಡಿಗರು ಕಾಯಿಲೆಯಿಲ್ಲದ ಭಾರತೀಯರ ಮಿದುಳುಗಳಲ್ಲಿ ಕಪ್ಪು ಪಟ್ಟಿಯ ಕೋಶಗಳನ್ನು ಎಣಿಸಿದಾಗ, ಬ್ರಿಟನ್ನಿನವರಿಗಿಂತ ಅವು ಕಡಿಮೆಯಿದ್ದವು. ಆದರೆ ವಯಸ್ಸಾದಂತೆ ಮತ್ತಷ್ಟು ಇಳಿದಿರಲಿಲ್ಲ. ಹಾಗಾದರೆ ಈ ಕಾಯಿಲೆಯನ್ನು ಬರೀ ಮುಪ್ಪಿನ ವೇಗವರ್ಧಿತ ರೂಪ ಎನ್ನುವುದು ಕಷ್ಟ. ಅತ್ತ ಮುಂಬಯಿಯ ಪಾರ್ಸಿ ಕಾಲೊನಿಗಳ 14,010 ಜನರ ಸಮೀಕ್ಷೆ (1988) ಲಕ್ಷಕ್ಕೆ 328 ರೋಗಿಗಳ ಪ್ರಮಾಣ ತೋರಿಸಿತ್ತು. ವೃದ್ಧರೇ ಹೆಚ್ಚಿರುವ ಸಮುದಾಯವದು ಎಂಬುದನ್ನು ಮರೆತು ಈ ಅಂಕಿಯನ್ನು ಓದಬಾರದು.

ಹೆಂಗಸರ ಕುರಿತ ಸ್ಪಷ್ಟ ಚಿತ್ರ ಸಿಕ್ಕಿದ್ದು 2007ರಲ್ಲಿ, ನೆದರ್ಲೆಂಡ್ಸ್‌ನ 253 ರೋಗಿಗಳ ಅಧ್ಯಯನದಿಂದ. ಹೆಂಗಸರಲ್ಲಿ ರೋಗ ಸರಾಸರಿ ಎರಡು ವರ್ಷ ತಡವಾಗಿ, ಹೆಚ್ಚಾಗಿ ನಡುಕದಿಂದಲೇ ಶುರುವಾಗಿತ್ತು. ಹೆಚ್ಚು ಮಕ್ಕಳಾದವರಲ್ಲಿ, ಮುಟ್ಟು ತಡವಾಗಿ ನಿಂತವರಲ್ಲಿ ಇನ್ನೂ ತಡ. ಈಸ್ಟ್ರೋಜೆನ್ ರಕ್ಷಣೆ ನೀಡುತ್ತದೆ ಎಂಬ ಊಹೆಗೆ ಇದರಿಂದ ಬಲ ಬಂದರೂ ಹಾರ್ಮೋನ್ ಮಾತ್ರೆ ಚಿಕಿತ್ಸೆಯಾಗಿ ಗೆದ್ದಿಲ್ಲ.

ಹೋನ್ ಮತ್ತು ಯಾರ್ ಮಾಪನ ಲೆಕ್ಕಿಸದ ಉಳಿದ ಲಕ್ಷಣಗಳಲ್ಲೂ ಗಂಡು ಹೆಣ್ಣಿನ ನಡುವೆ ವ್ಯತ್ಯಾಸವಿದೆ. ನಿದ್ದೆಯಲ್ಲಿ ಕೂಗಾಡಿ ಕೈಕಾಲು ಬಡಿಯುವುದು, ಜೊಲ್ಲು ಸುರಿಯುವುದು, ಬುದ್ಧಿಶಕ್ತಿ ಕುಂದುವುದು ಗಂಡಸರಲ್ಲಿ ಹೆಚ್ಚು. ನೋವು, ಆತಂಕ, ಖಿನ್ನತೆ ಹೆಂಗಸರಲ್ಲಿ. ಮೈತೂಕ ಕಡಿಮೆಯಿರುವ ಹೆಂಗಸಿಗೆ ಅದೇ ಪ್ರಮಾಣದ ಲೆವೊಡೋಪಾ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಅನೈಚ್ಛಿಕ ಕುಣಿತವೂ ಹೆಚ್ಚುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಲಕ್ಷಣಗಳು ಉಲ್ಬಣಿಸುವುದನ್ನು ಕ್ವಿನ್ ಮತ್ತು ಮಾರ್ಸ್‌ಡೆನ್ 1986ರಲ್ಲೇ ಬರೆದಿದ್ದರು. ಆದರೂ ಔಷಧ ಪ್ರಯೋಗಗಳಲ್ಲಿ ಇಂದಿಗೂ ಗಂಡಸರದೇ ಬಹುಪಾಲು, ಮಿದುಳಿಗೆ ವಿದ್ಯುದ್ವಾರ ಅಳವಡಿಸುವ ಶಸ್ತ್ರಚಿಕಿತ್ಸೆಯೂ ಹೆಂಗಸರಿಗೆ ದಕ್ಕುವುದು ಕಡಿಮೆ.